ಮನೇಲೇ ನುಂಗಿ ಅಂತೀರಲ್ಲ, ಯಾರ ಮನೇಲಿ?

ಕ್ಯಾನ್ಸರಿಗೆ ಮಾತ್ರೆ ಬಂದಿದೆ. ಬಾಟಲಿ ನೇತುಹಾಕಿಕೊಂಡು ಆಸ್ಪತ್ರೆಯಲ್ಲಿ ದಿನವಿಡೀ ಮಲಗಬೇಕಿಲ್ಲ, ಕೆಲವು ಕ್ಯಾನ್ಸರುಗಳಿಗೆ ಮನೆಯಲ್ಲೇ ನುಂಗಿದರಾಯ್ತು. ಒಳ್ಳೆಯದೇ. ಪೀಣ್ಯದ ಲೇತ್ ಕೆಲಸದವನು ಕಿದ್ವಾಯಿ ಆಸ್ಪತ್ರೆಗೆ ಹೋಗಿಬಂದರೆ ಆ ದಿನದ ಕೂಲಿ ಹೋಯ್ತು, ಜೊತೆಗೆ ಬಂದವಳ ಕೂಲಿಯೂ ಹೋಯ್ತು. ಅದು ಉಳಿಯುವುದಾದರೆ ಬೇಡ ಅನ್ನೋರು ಯಾರು?

ಆದರೆ ಮನೆ ಅನ್ನೋ ಪದ ಇದೆಯಲ್ಲ ಗೆಳೆಯರೇ, ಅದನ್ನು ಬರೆದವರ ಮನೆಯೇ ಬೇರೆ.

ಮಾತ್ರೆ ಜೊತೆ ನಿಯಮಗಳೂ ಬರುತ್ತವೆ. ಕೊಡುವವರು ಬರಿಗೈಯಲ್ಲಿ ಮುಟ್ಟಬಾರದು. ಪುಡಿ ಮಾಡಬಾರದು. ಬಸುರಿ ಹೆಂಗಸು ಮಾತ್ರೆ ಮುಟ್ಟಲೇಬಾರದು. ವಾಂತಿಯಾದ ಬಟ್ಟೆ ಬೇರೆ ಒಗೆಯಬೇಕು. ಕಕ್ಕಸಿನ ಮುಚ್ಚಳ ಹಾಕಿ ಎರಡು ಸಲ ನೀರು ಬಿಡಬೇಕು. ಇದೇನೂ ಸುಳ್ಳಲ್ಲ. ರೋಗದ ಕೋಶ ಕೊಲ್ಲುವ ಮದ್ದು ಒಳ್ಳೆಯ ಕೋಶವನ್ನೂ ಕೆಡಿಸುತ್ತೆ, ಉಚ್ಚೆಯಲ್ಲಿ ಹೊರಗೂ ಬರುತ್ತೆ. ಆದರೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಬೆನ್ನಿಗೆ ತಗಡಿನ ಶೆಡ್ಡುಗಳಿವೆಯಲ್ಲ, ಅಲ್ಲಿ ಸಾಲು ಸಂಸಾರಕ್ಕೆ ಒಂದೇ ಕಕ್ಕಸು. ಟ್ಯಾಂಕರ್ ಬಂದರೆ ನೀರು. ಎರಡು ಸಲ ಬಿಡಬೇಕಂತೆ! ಮುಚ್ಚಳವಂತೆ!

ಕ್ಯಾಪೆಸಿಟಾಬಿನ್ ಅನ್ನೋ ಮಾತ್ರೆ ತಗೊಳ್ಳಿ. ಕರುಳಿನ ಕ್ಯಾನ್ಸರಿಗೆ, ಮೊಲೆಯ ಕ್ಯಾನ್ಸರಿಗೆ ಕೊಡೋದು. ದಿನಕ್ಕೆರಡು ಹೊತ್ತು, ಉಂಡ ಅರ್ಧ ಗಂಟೆಯೊಳಗೆ. ಸಾಮಾನ್ಯವಾಗಿ ೧೪ ದಿನ ನುಂಗಿ ೭ ದಿನ ಬಿಡಬೇಕು. ಶಿಫ್ಟ್ ಬದಲಾಗುತ್ತಲೇ ಇರುವವನಿಗೆ ಉಣ್ಣುವ ಹೊತ್ತು ಯಾವುದು ಸ್ವಾಮಿ? ಇದನ್ನು ನುಂಗಿದ ಅನೇಕರ ಅಂಗೈ ಅಂಗಾಲು ಉರಿದು ಚರ್ಮ ಸುಲಿಯುತ್ತೆ. ವೈದ್ಯರ ಪುಸ್ತಕದಲ್ಲಿ ಅದು ಅಡ್ಡಪರಿಣಾಮ. ಕಬ್ಬಿಣ ಹಿಡಿಯುವವನಿಗೆ, ಟೆಕ್ ಪಾರ್ಕಿನ ಕಕ್ಕಸು ಉಜ್ಜುವವಳಿಗೆ ಅಂಗೈ ಹೋದರೆ ಅನ್ನವೇ ಹೋಯ್ತು.

ಮುಂಬಯಿಯ ಟಾಟಾ ಆಸ್ಪತ್ರೆಯ ವೈದ್ಯರು ೨೦೨೦ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾಸಿಯಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್ ಎಂಬ ಅಗ್ಗದ ಮಾತ್ರೆಗಳು ಸಿಸ್‌ಪ್ಲಾಟಿನ್ ಸೂಜಿಮದ್ದಿಗಿಂತ ತುಸು ಹೆಚ್ಚೇ ಆಯಸ್ಸು ಕೊಟ್ಟವು. ಹೊಗೆಸೊಪ್ಪು ಅಗಿದು ಬಾಯಿ ಕೆಡಿಸಿಕೊಂಡ ನಮ್ಮ ಜನಕ್ಕೆ ಇದು ದೊಡ್ಡ ಸುದ್ದಿ. ಆದರೆ ಮೆಥೊಟ್ರೆಕ್ಸೇಟ್ ನುಂಗುವುದು ವಾರಕ್ಕೊಮ್ಮೆ. ತಪ್ಪಿ ದಿನಾ ನುಂಗಿದರೆ ಜೀವವೇ ಹೋಗಬಹುದು. ಶೀಟಿನ ಮೇಲೆ ಸಾಸಿವೆ ಕಾಳಿನಷ್ಟು ಇಂಗ್ಲಿಷ್. ಕೇರಿಗೊಬ್ಬ ಡಿಗ್ರಿ ಹುಡುಗ ಇದ್ದರೆ ಎಲ್ಲರ ಚೀಟಿಯೂ ಅವನ ಮುಂದೆ. ನನ್ನ ಮುಂದೂ ಬಂದಿವೆ. ಬಿ.ಎ. ಇಂಗ್ಲಿಷು ಅಲ್ಲಿಗೆ ಸಾಲದು.

ಮಾತ್ರೆ ಅಗ್ಗವಾದದ್ದಾದರೂ ಹೇಗೆ? ಒಂದು ಬಗೆಯ ರಕ್ತಕ್ಯಾನ್ಸರಿಗೆ ಕೊಡುವ ನೋವಾರ್ಟಿಸ್ ಕಂಪನಿಯ ಗ್ಲಿವೆಕ್ ತಿಂಗಳಿಗೆ ಲಕ್ಷದ ಮೇಲಿತ್ತು. ಅದೇ ಮದ್ದನ್ನು ನಮ್ಮ ದೇಶದ ಕಂಪನಿಗಳು ಹತ್ತು ಸಾವಿರದ ಆಸುಪಾಸಿಗೆ ಕೊಡುತ್ತಿದ್ದವು. ಪೇಟೆಂಟಿಗೆ ಅಡ್ಡ ನಿಂತವರಲ್ಲಿ ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೂ ಇತ್ತು. ೨೦೧೩ರ ಏಪ್ರಿಲ್ ೧ರಂದು ಸುಪ್ರೀಂ ಕೋರ್ಟು ಪೇಟೆಂಟ್ ಇಲ್ಲ ಅಂತು. ಯಾವ ಧಣಿಯೂ ಕರುಣೆಯಿಂದ ಕೊಟ್ಟದ್ದಲ್ಲ. ಜಗಳ ಆಡಿದ್ದಕ್ಕೆ ಸಿಕ್ಕಿತು.

ಈಗ ಜಗಳ ಮನೆಯ ಹೊಸ್ತಿಲಿಗೆ ಬಂದಿದೆ. ಆಸ್ಪತ್ರೆಯಲ್ಲಿ ಈ ಮದ್ದು ಮುಟ್ಟುವ ನರ್ಸಿಗೆ ಕೈಗವಸು, ತರಬೇತಿ, ಸಂಬಳ ಇರಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಮನೆಯಲ್ಲಿ ಅದೇ ಕೆಲಸಕ್ಕೆ ಹೆಂಡತಿ, ಅಮ್ಮ, ಇಸ್ಕೂಲು ಬಿಟ್ಟ ಮಗಳು. ಬರಿಗೈ. ಆಸ್ಪತ್ರೆ ಉಳಿಸಿಕೊಂಡ ಹಾಸಿಗೆಯ ಲೆಕ್ಕ ಬರೆಯುತ್ತೆ. ಇವಳ ಲೆಕ್ಕ ಬರೆಯುವವರಿಲ್ಲ.

ಇಎಸ್‌ಐ ಇದೆಯಲ್ಲ ಅಂತೀರಿ. ಇದೆ. ಪೀಣ್ಯದಲ್ಲೇ ಅದರ ಆಸ್ಪತ್ರೆಯಿದೆ. ಕ್ಯಾನ್ಸರಾದ ಕಾರ್ಮಿಕನಿಗೆ ಕೂಲಿಯ ನೂರಕ್ಕೆ ೮೦ರಷ್ಟು, ಎರಡು ವರ್ಷದವರೆಗೂ ಕೊಡುವ ನಿಯಮವೂ ಇದೆ. ಅದಕ್ಕೆ ಮುಂಚೆ ಅವನು ಎರಡು ವರ್ಷ ಬಿಡದೆ ದುಡಿದಿರಬೇಕು, ವಂತಿಗೆ ಬಿದ್ದಿರಬೇಕು. ಗುತ್ತಿಗೆದಾರ ದುಡ್ಡು ಹಿಡಿದುಕೊಂಡು ಕಟ್ಟದೇ ಹೋದರೆ?

ಕೇಳಬೇಕಾದ್ದು ಹೆಚ್ಚೇನಿಲ್ಲ. ಮಾತ್ರೆ ಜೊತೆ ಕೈಗವಸು ಕೊಡಿ. ಕನ್ನಡದ ಚೀಟಿ, ಓದು ಬಾರದವರಿಗೆ ಚಿತ್ರದ ಚೀಟಿ ಕೊಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ರಕ್ತ ನೋಡಿ. ವಾರಕ್ಕೊಮ್ಮೆ ಸಂಬಳದ ನರ್ಸು ವಠಾರಕ್ಕೆ ಬರಲಿ. ಇದನ್ನು ಕೊಡದೆ ಮನೆಗೆ ಕಳಿಸುವುದಕ್ಕೆ ಚಿಕಿತ್ಸೆ ಅಂತ ಹೆಸರಿಡಬೇಡಿ.

ಅಲ್ಲಿಯವರೆಗೆ, ಈ ಪುಟ ಓದುತ್ತಿರುವ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಬೀದಿಯಲ್ಲಿ ಈ ಮಾತ್ರೆ ನುಂಗುವವರಿದ್ದರೆ ಡಾಕ್ಟರು ಬರೆದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತಿಕೊಡಿ. ಜ್ವರ ೧೦೦.೪ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಟೋ ಹತ್ತಿಸಿ.