ಮಾಯದ ಗಾಯಕ್ಕೆ ಪಪ್ಪಾಯಿ ಕಾಯಿ ಕಟ್ಟಬಹುದೇ? ಕಿಣ್ವಗಳ ಅಸಲಿ ಕೆಲಸ ಏನು?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಪ್ಪಾಯಿ ಕಾಯಿ ಅರೆದು ಕಟ್ಟಿ, ಅದರಲ್ಲಿರುವ ಕಿಣ್ವ ಗಾಯ ಮಾಯಿಸುತ್ತದೆ ಎಂಬ ಸಲಹೆ ಮನೆಮದ್ದಿನ ಫಾರ್ವರ್ಡ್‌ಗಳಲ್ಲಿ ಕಾಣಸಿಗುತ್ತದೆ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಆದರೆ ಇದರಲ್ಲಿ ಸ್ವಲ್ಪ ನಿಜವೂ ಇದೆ. ಹಾಗಾಗಿ ನಾವು ಇದನ್ನು ಬಿಡಿಸಿ ನೋಡೋಣ.

ಗಾಯವಾದಾಗ ನಮ್ಮ ದೇಹವೇ ಕೆಲವು ಕಿಣ್ವಗಳನ್ನು ಬಿಡುಗಡೆ ಮಾಡುತ್ತದೆ. ಅವುಗಳಲ್ಲಿ ಮುಖ್ಯವಾದವು ಮ್ಯಾಟ್ರಿಕ್ಸ್ ಮೆಟಲೊಪ್ರೋಟಿಯೇಸ್, ಚಿಕ್ಕದಾಗಿ ಎಂಎಂಪಿ. ಹಾನಿಗೊಂಡ ಕೊಲಾಜೆನ್ ಅನ್ನು ಕತ್ತರಿಸಿ, ಹೊಸ ಕೋಶಗಳಿಗೆ ದಾರಿ ಮಾಡುವುದು ಇವುಗಳ ಕೆಲಸ. ಮುರುಕು ಗೋಡೆ ಕೆಡವದೆ ಹೊಸದು ಕಟ್ಟಲಾಗದಲ್ಲ, ಹಾಗೆ. ಕೆಡವುವುದು ಅತಿಯಾಗದಂತೆ ತಡೆಯಲು ಟಿಂಪ್ ಎಂಬ ಬೇರೆ ಪ್ರೋಟೀನ್‌ಗಳಿವೆ.

ವಾರಗಟ್ಟಲೆ ಮಾಯದ ಗಾಯದಲ್ಲಿ ಈ ಲೆಕ್ಕವೇ ತಪ್ಪಿರುತ್ತದೆ. ಉರಿಯೂತ ನಿಲ್ಲದೆ ಬಿಳಿ ರಕ್ತಕಣಗಳು ಬರುತ್ತಲೇ ಇರುತ್ತವೆ, ಎಂಎಂಪಿ ಮತ್ತು ಎಲಾಸ್ಟೇಸ್ ವಿಪರೀತ ಹೆಚ್ಚುತ್ತವೆ. ಆಗ ಹೊಸದಾಗಿ ಕಟ್ಟಿದ ಕೊಲಾಜೆನ್ ಕೂಡ ಒಡೆದುಹೋಗುತ್ತದೆ. ಅಂದರೆ ಅಲ್ಲಿ ಕತ್ತರಿಸುವ ಕಿಣ್ವಕ್ಕೆ ಕೊರತೆಯಿಲ್ಲ, ಇರುವುದೇ ಜಾಸ್ತಿ!

ಪಪ್ಪಾಯಿ ಕಾಯಿಯ ಹಾಲಿನಲ್ಲಿರುವ ಪಪೈನ್ ಕೂಡ ಪ್ರೋಟೀನ್ ಕತ್ತರಿಸುವ ಕಿಣ್ವವೇ. ಮಟನ್ ಬೇಗ ಮೆತ್ತಗಾಗಲಿ ಎಂದು ಕಾಯಿಯ ತುಂಡು ಹಾಕುವುದು ಅದಕ್ಕೇ. ಸತ್ತ ಅಂಗಾಂಶ ಕರಗಿಸಲು ಪಪೈನ್ ಮುಲಾಮುಗಳು ಅಮೆರಿಕದಲ್ಲಿ ಬಳಕೆಯಲ್ಲಿದ್ದವು, ಫಾರ್ವರ್ಡ್‌ನಲ್ಲಿರುವ ನಿಜ ಇಷ್ಟೇ. ಆದರೆ ಕೆಲವರಿಗೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡ ಕುಸಿದ ವರದಿಗಳು ಬಂದವು. 2008ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅನುಮೋದನೆಯಿಲ್ಲದ ಈ ಮುಲಾಮುಗಳ ಮಾರಾಟ ನಿಲ್ಲಿಸಲು ಸೂಚಿಸಿತು. ರಬ್ಬರ್ ಕೈಗವಸಿನಿಂದ, ಅಂದರೆ ಲೇಟೆಕ್ಸ್‌ನಿಂದ, ಅಲರ್ಜಿಯಾಗುವವರಿಗೆ ಪಪ್ಪಾಯಿಯೂ ಆಗದಿರಬಹುದು. ಅಳತೆ ಮಾಡಿ ತಯಾರಿಸಿದ ಮುಲಾಮಿನ ಕತೆಯೇ ಹೀಗೆ. ಇನ್ನು ಅಡುಗೆಮನೆಯಲ್ಲಿ ಅರೆದ ಕಾಯಿಯಲ್ಲಿ ಪಪೈನ್ ಎಷ್ಟು, ರೋಗಾಣು ಎಷ್ಟು ಎಂದು ಹೇಳುವವರು ಯಾರು?

ಕಿಣ್ವ ಚಿಕಿತ್ಸೆಯೇ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಬ್ಯಾಕ್ಟೀರಿಯಾದಿಂದ ತೆಗೆದ ಕೊಲಾಜಿನೇಸ್ ಮುಲಾಮನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಅದು ಸತ್ತ ಭಾಗ ತೆಗೆಯಲು ಮಾತ್ರ, ಗಾಯ ಸ್ವಚ್ಛವಾದ ಮೇಲೆ ನಿಲ್ಲಿಸುತ್ತಾರೆ. ಸಕ್ಕರೆ ಹತೋಟಿಗೆ ಬಾರದೆ, ಕಾಲಿಗೆ ರಕ್ತ ಸರಿಯಾಗಿ ಹರಿಯದೆ, ಹುಣ್ಣಿನ ಮೇಲೆ ಬೀಳುವ ಭಾರ ತಪ್ಪದೆ ಯಾವ ಮುಲಾಮಿನಿಂದಲೂ ಹೆಚ್ಚು ಪ್ರಯೋಜನವಿಲ್ಲ.

ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರುತ್ತದೆ, ಹುಣ್ಣು ಆಳವಾದರೂ ನೋವು ಗೊತ್ತಾಗದಿರಬಹುದು. ಕಾಯಿ ಕಟ್ಟಿಕೊಂಡು ಕಾಯುವಷ್ಟರಲ್ಲಿ ಸೋಂಕು ಮೂಳೆಗೆ ಇಳಿಯಬಹುದು. ಹುಣ್ಣು ಕಪ್ಪಾದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಕಾಣಿಸಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.