ಒಳಗೇನಿದೆ ಎಂದು ಹೇಳಿಯೇ ಮಾರೋಣ

ಕಾಫಿ ಪುಡಿ, ಕಾಳುಮೆಣಸು, ಜೇನುತುಪ್ಪ, ಹಲಸಿನ ಹಪ್ಪಳ ಇಷ್ಟನ್ನು ಫೋನಿನಲ್ಲೇ ಆರ್ಡರ್ ತೆಗೆದುಕೊಂಡು ಪಾರ್ಸೆಲ್ ಮಾಡುವ ನನ್ನಂಥ ಸಣ್ಣ ಬೆಳೆಗಾರರಿಗೆ ಈಗ ಎಲ್ಲ ಕಡೆಯಿಂದ ಬರುತ್ತಿರುವ ಸಲಹೆ ಒಂದೇ: ‘ಮಿಸ್ಟರಿ ಬಾಕ್ಸ್’ ಮಾಡಿ. ‘ಮಲೆನಾಡಿನ ಅಚ್ಚರಿ ಪೆಟ್ಟಿಗೆ, 599 ರೂಪಾಯಿ’ ಎಂದು ಒಂದು ಚಂದದ ಫೋಟೊ ಹಾಕಿ, ಒಳಗೇನಿದೆ ಅಂತ ಮಾತ್ರ ಹೇಳಬೇಡಿ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗನೂ ಅದನ್ನೇ ಹೇಳಿದ. “ಅತ್ತೆ, ಏನು ಬರುತ್ತೆ ಅಂತ ಗೊತ್ತಿಲ್ದೆ ಇರೋದಕ್ಕೇ ಜನ ದುಡ್ಡು ಕೊಡ್ತಾರೆ.” ಅವನ ಮಾತು ಸುಳ್ಳಲ್ಲ. ಜನ ಕೊಡುತ್ತಾರೆ. ಆದರೂ ನಾನು ಆ ವ್ಯಾಪಾರಕ್ಕೆ ಇಳಿಯುವುದಿಲ್ಲ. ಕಳಸ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಯಾರೂ ಇಳಿಯಬಾರದು ಎಂದೂ ನನಗೆ ಅನ್ನಿಸುತ್ತದೆ.

ಈ ವ್ಯಾಪಾರ ಹೊಸದಲ್ಲ. ಜಪಾನಿನ ಅಂಗಡಿಗಳು ಹೊಸ ವರ್ಷದಲ್ಲಿ ‘ಫುಕುಬುಕುರೊ’ ಎಂಬ ಮುಚ್ಚಿದ ಚೀಲಗಳನ್ನು ಮಾರುತ್ತಾ ಬಂದಿವೆ. ಕೊಟ್ಟ ಹಣಕ್ಕಿಂತ ಹೆಚ್ಚು ಬೆಲೆಯ ಸಾಮಾನು ಒಳಗಿರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಡೆಯುತ್ತದೆ. ಚೀನಾದ ಪಾಪ್ ಮಾರ್ಟ್ ಕಂಪನಿ ಯಾವ ಗೊಂಬೆ ಸಿಗುತ್ತದೆಂದು ತಿಳಿಯದ ಡಬ್ಬಿಗಳನ್ನು ಮಾರಿಯೇ ಬೆಳೆಯಿತು. ಅದೇ ಕಂಪನಿಯ ಲಬುಬು ಗೊಂಬೆಯ ಹುಚ್ಚು ನಮ್ಮ ಊರಿನ ಮಕ್ಕಳ ಬ್ಯಾಗಿನವರೆಗೂ ಬಂದಿದೆ. ಇದರ ಬಾಲ ಹಿಡಿದು ಬಂದದ್ದು, ಯಾರೋ ವಾಪಸ್ ಕಳಿಸಿದ ಪಾರ್ಸೆಲ್‌ಗಳನ್ನು ಬಿಚ್ಚದೆ ಮಾರುವುದು, ವಿಮಾನ ನಿಲ್ದಾಣದಲ್ಲಿ ಉಳಿದ ಸೂಟ್‌ಕೇಸುಗಳು ಅಗ್ಗಕ್ಕೆ ಸಿಗುತ್ತವೆ ಎಂಬ ನಕಲಿ ಜಾಹೀರಾತು. ಇದೂ ಒಂದು ಬಗೆಯ ಲಾಟರಿಯೇ. ನಮ್ಮ ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅದಕ್ಕೆ ಮುಂಚೆ ಬಸ್ ಸ್ಟ್ಯಾಂಡುಗಳ ಪಕ್ಕದ ಲಾಟರಿ ಅಂಗಡಿಗಳ ಮುಂದೆ ದಿನಗೂಲಿಯವರು ನಿಲ್ಲುತ್ತಿದ್ದುದನ್ನು ನೋಡಿದವರಿಗೆ, ‘ಈ ಸಲ ಬಂದರೂ ಬರಬಹುದು’ ಎಂಬ ಆಸೆ ಸಂಬಳವನ್ನು ಹೇಗೆ ತಿನ್ನುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಒಳಗೇನಿದೆ ಎಂದು ಹೇಳದೆ ಇದ್ದರೆ, ಒಳಗೆ ಏನು ಹೋಗುತ್ತದೆ? ಉಗ್ರಾಣದಲ್ಲಿ ಮಿಕ್ಕಿದ್ದು ಹೋಗುತ್ತದೆ. ಹುರಿದು ಪುಡಿ ಮಾಡಿದ ಕಾಫಿಯ ಘಮ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಮೆಣಸು ಶೇ 11ರ ಆಸುಪಾಸಿನ ತೇವಕ್ಕೆ ಒಣಗದಿದ್ದರೆ, ಕಳಸದ ಆಷಾಢದ ಮಳೆಯಲ್ಲಿ ಚೀಲದೊಳಗೇ ಬೂಸ್ಟು ಹಿಡಿಯುತ್ತದೆ. ಹೇಳಿ ಮಾರುವಾಗ ಇಂಥದ್ದನ್ನು ಪಕ್ಕಕ್ಕಿಡುತ್ತೇವೆ. ಹೇಳದೆ ಮಾರುವಾಗ ಕೈ ತಾನಾಗಿಯೇ ಆ ಮೂಟೆಯ ಕಡೆ ಹೋಗುತ್ತದೆ. ಒಳ್ಳೆಯವರ ಕೈಯೂ ಹೋಗುತ್ತದೆ. ಆ ವ್ಯಾಪಾರದ ಕಟ್ಟಡವೇ ಹಾಗಿದೆ: ಲಾಭ ಮಾರುವವನದು, ಅದೃಷ್ಟ ಕೊಳ್ಳುವವನದು.

ಕಾನೂನೂ ಇಲ್ಲಿ ಕೊಳ್ಳುವವರ ಕೈ ಬಿಡುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಬಂದ ವಸ್ತು ಕೆಟ್ಟಿದ್ದರೆ ಅಥವಾ ಜಾಹೀರಾತಿನಲ್ಲಿ ವಿವರಿಸಿದಂತೆ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ವಿವರಣೆಯನ್ನೇ ಕೊಡದಿದ್ದಾಗ ಯಾವುದಕ್ಕೆ ಹೋಲಿಸಿ ತಕರಾರು ಮಾಡುವುದು? 2011ರ ಪ್ಯಾಕೇಜು ಸರಕುಗಳ ನಿಯಮ, ಪೊಟ್ಟಣದ ಮೇಲೆ ವಸ್ತುವಿನ ಹೆಸರು, ತೂಕ, ತಯಾರಾದ ತಿಂಗಳು, ಗರಿಷ್ಠ ಬೆಲೆ, ವಿಳಾಸ ಇರಲೇಬೇಕೆಂದು ಹೇಳುತ್ತದೆ. ಆನ್‌ಲೈನ್ ಮಾರಾಟದಲ್ಲಿ ಇದರಲ್ಲಿ ಬಹುಪಾಲನ್ನು ತೆರೆಯ ಮೇಲೂ ತೋರಿಸಬೇಕು. ಅಚ್ಚರಿಯ ಹೆಸರಿನಲ್ಲಿ ಇಷ್ಟನ್ನೂ ಮರೆಸಿಬಿಡುವುದು ಸುಲಭವಾಗಿದೆ.

ಕಾಫಿ ಬೆಳೆಗಾರರಾದ ನಾವು ಇದನ್ನು ಒಪ್ಪಬಾರದು ಎನ್ನುವುದಕ್ಕೆ ಇನ್ನೂ ಆಳದ ಕಾರಣವಿದೆ. ಗೊತ್ತಿಲ್ಲದ ವ್ಯಾಪಾರ ಎಂದರೇನು ಎಂಬುದು ನಮಗೆ ಗೊತ್ತಿದೆ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಕಾಫಿಗೆ ಪೂಲ್ ಪದ್ಧತಿ ಬಂತು. 1942ರ ಕಾಫಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಮನೆಗೆ ಬೇಕಾದಷ್ಟು ಬಿಟ್ಟು ಉಳಿದ ಬೆಳೆಯನ್ನೆಲ್ಲ ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಬೇಕಿತ್ತು. ಹರಾಜು ಆಮೇಲೆ. ಹಣ ಕಂತು ಕಂತಾಗಿ. ಆ ವರ್ಷದ ಕಾಫಿಗೆ ಕೊನೆಗೆ ಎಷ್ಟು ಸಿಕ್ಕಿತು ಎಂಬುದು ಮೂಟೆ ಕೈಬಿಟ್ಟ ಬಹಳ ದಿನಗಳ ಮೇಲೆ ತಿಳಿಯುತ್ತಿತ್ತು. ಬೆಲೆ ಬಿದ್ದ ಕಾಲದಲ್ಲಿ ಪೂಲ್ ಬೆಳೆಗಾರರನ್ನು ಕಾಪಾಡಿತು, ಆ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಮಾಲಿನ ಬೆಲೆ ತಿಳಿಯದೆ ಕೊಟ್ಟು ಕಾಯುವುದರ ಭಾರವನ್ನು ಹಿರಿಯರು ಹೊತ್ತರು. 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಈಗ ಬೆಳಿಗ್ಗೆ ಎದ್ದರೆ ಫೋನಿನಲ್ಲಿ ರೇಟು ನೋಡುತ್ತೇವೆ. ಆ ತಿಳಿವಳಿಕೆಗಾಗಿ ಬೆಳೆಗಾರರು ಎಷ್ಟು ಸಭೆ, ಎಷ್ಟು ಅರ್ಜಿ ಮಾಡಿದರು.

ಇವತ್ತಿಗೂ ರೊಬಸ್ಟಾ ಚೆರ್ರಿ ಮಾರಲು ಹೋದಾಗ ಜೀವ ಕೈಯಲ್ಲಿ ಹಿಡಿದು ನಿಲ್ಲುವುದು ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಬೇಳೆ ಎಂದು, ನೋಡುವಾಗ. 50 ಕೆಜಿಯ ಒಂದು ಮೂಟೆ ಒಣ ಚೆರ್ರಿಯಿಂದ ಸುಮಾರು 26–27 ಕೆಜಿ ಬೇಳೆ ಬರುತ್ತದೆ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ವ್ಯಾಪಾರಿ ಒಂದು ಸಂಖ್ಯೆ ಹೇಳುತ್ತಾರೆ. ಮೂಟೆಗೆ ಒಂದೇ ಕೆಜಿ ಕಡಿಮೆ ಹೇಳಿದರೂ 50 ಮೂಟೆಗೆ 50 ಕೆಜಿ ಕಾಫಿ ಹೋಯಿತು. ಅದಕ್ಕೇ ನಾವು, “ನಮ್ಮೆದುರೇ ತೂಗಿ ಸ್ವಾಮಿ” ಎನ್ನುತ್ತೇವೆ. ವ್ಯಾಪಾರಿಯ ಮುಂದೆ ಹೀಗೆ ಕೇಳುವ ನಾವು, ನಮ್ಮ ಗಿರಾಕಿಗೆ ಮುಚ್ಚಿದ ಪೆಟ್ಟಿಗೆ ಕೊಡುವುದು ಯಾವ ನ್ಯಾಯ?

ನಮ್ಮ ಹೆಸರಿನ ಪ್ರಶ್ನೆಯೂ ಇದೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಇಂಥ ಜಾಗದ್ದು ಎಂದು ಹೇಳಿ ಮಾರುವ ಹಕ್ಕು ಅದು. ಹೊರದೇಶದ ಅಗ್ಗದ ಮೆಣಸು ಬಂದು ಬೆರೆತು ನಮ್ಮ ಮೆಣಸಿನ ಬೆಲೆ ಬಿದ್ದಾಗ ಬೆಳೆಗಾರರು ಬೀದಿಗಿಳಿದರು; 2017ರ ಡಿಸೆಂಬರಿನಲ್ಲಿ ಕೆಜಿಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂತು. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಇರಬೇಕು ಎಂಬ ನಿಯಮ ಇದೆ. ಇವೆಲ್ಲದರ ಹಿಂದಿರುವ ಬೇಡಿಕೆ ಒಂದೇ: ಒಳಗಿರುವುದನ್ನು ಹೇಳಿ.

ಅಚ್ಚರಿ ಬೇಡವೆಂದು ನಾನು ಹೇಳುತ್ತಿಲ್ಲ. ತಿಂಗಳಿಗೊಂದು ಬೇರೆ ತೋಟದ ಕಾಫಿ ಕಳಿಸುವ ಸಣ್ಣ ರೋಸ್ಟರ್‌ಗಳಿದ್ದಾರೆ. ಯಾವ ತೋಟದ್ದು ಬರುತ್ತದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಆದರೆ ಕಾಫಿ, ಇಷ್ಟು ಗ್ರಾಮ್, ಚಿಕೋರಿ ಇಲ್ಲ ಎಂಬುದು ಗೊತ್ತು. ಪೊಟ್ಟಣ ಬಂದಾಗ ತೋಟದ ಹೆಸರು, ಎತ್ತರ, ತೊಳೆದದ್ದೋ ಹಣ್ಣಿನಲ್ಲೇ ಒಣಗಿಸಿದ್ದೋ, ಹುರಿದ ದಿನ ಎಲ್ಲವೂ ಅದರ ಮೇಲಿರುತ್ತದೆ. ಗಿರಾಕಿ ಅದನ್ನು ಓದಿ ಸಂಸೆ ಎಲ್ಲಿದೆ, ಬಾಳೂರು ಎಲ್ಲಿದೆ ಎಂದು ಭೂಪಟ ತೆಗೆದು ನೋಡುತ್ತಾರೆ. ನಾನೂ ಯುಗಾದಿಗೆ ಕಳಿಸುವ ಪೆಟ್ಟಿಗೆಯಲ್ಲಿ ಕೇಳದೇ ಇದ್ದ ಒಂದು ಹಿಡಿ ಸೂಜಿಮೆಣಸು ಹಾಕುತ್ತೇನೆ. ಅದಕ್ಕೆ ದುಡ್ಡಿಲ್ಲ.

ಚೀನಾ ಸರ್ಕಾರ 2023ರಲ್ಲಿ ಪಾಪ್ ಮಾರ್ಟ್ ಮಾರುವಂಥ ಕುರುಡು ಡಬ್ಬಿಗಳಿಗೆ ಮಾರ್ಗಸೂಚಿ ತಂದಿತು: ಎಂಟು ವರ್ಷದೊಳಗಿನ ಮಕ್ಕಳಿಗೆ ಮಾರುವಂತಿಲ್ಲ, ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಬಹಿರಂಗಪಡಿಸಬೇಕು. ನಮ್ಮಲ್ಲೂ ಅಷ್ಟಾದರೂ ಬರಲಿ. ಪೆಟ್ಟಿಗೆಯಲ್ಲಿ ಇರಬಹುದಾದ ಎಲ್ಲ ವಸ್ತುಗಳ ಪಟ್ಟಿ, ಅದರೊಳಗಿನ ಸಾಮಾನಿನ ಕನಿಷ್ಠ ಬೆಲೆ, ತಿನ್ನುವ ವಸ್ತುವಾದರೆ ತಯಾರಾದ ದಿನ, ಬಿಚ್ಚಿದ ಮೇಲೂ ವಾಪಸ್ ಕೊಡುವ ಹಕ್ಕು: ಇವು ಕಡ್ಡಾಯವಾಗಲಿ. ಅಲ್ಲಿಯವರೆಗೆ, ಏನನ್ನೂ ಹೇಳದ ಪೆಟ್ಟಿಗೆ ಕೊಂಡವರು ಬಿಚ್ಚುವಾಗಲೇ ವಿಡಿಯೊ ಮಾಡಿಕೊಳ್ಳಿ, ಬಿಲ್ಲು ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾರಿದವರು ನಮ್ಮ ಊರಿನವರೇ ಆಗಿದ್ದರೂ ಮಾಡಿ.