ಮೂತಿ ತಗ್ಗಿದ ಮೋಟಾರು



ತಂದೆ-ತಾತಂದಿರ ಕಾಲದ ಮೋಟಾರನ್ನು ಮಾರಲೊಲ್ಲದೆ ಜೋಪಾನವಾಗಿ ಕಾಯ್ದಿಟ್ಟುಕೊಳ್ಳುವುದು ಶ್ಲಾಘನೀಯವಾದ ಕಾರ್ಯ. ಆದರೆ ಅಂಥ ಗಾಡಿಯ ಮುಂಭಾಗವನ್ನು ಎರಡು-ಮೂರು ಅಂಗುಲ ತಗ್ಗಿಸಿ, ಬೇಟೆಗೆ ಹೊಂಚುಹಾಕಿದ ಚಿರತೆಯಂತೆ ಕಾಣುವ ಹಾಗೆ ಮಾಡಬೇಕೆಂಬ ಹಂಬಲ ಇಂದಿನ ತರುಣರಲ್ಲಿ ಕಾಣಬರುತ್ತಿದೆ. ಅಂದಚಂದವು ಅವರವರ ಅಭಿರುಚಿಗೆ ಬಿಟ್ಟ ವಿಷಯ. ಆದರೆ ಆ ಎತ್ತರವನ್ನು ನಿರ್ಮಾತೃಗಳು ಏಕೆ ಇಟ್ಟರೆಂಬುದನ್ನು ಅರಿಯದೆ ಪಾನಾ ಹಿಡಿಯುವುದು ವಿವೇಕವಲ್ಲ.

ನಮ್ಮವರಿಗೆ ಚಿರಪರಿಚಿತವಾದ ಅಂಬಾಸಿಡರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಇದು ತಯಾರಾಯಿತು. ಇದರ ಹಿಂಭಾಗಕ್ಕೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗುಗಳಿದ್ದರೆ, ಮುಂಭಾಗಕ್ಕೆ ಟಾರ್ಷನ್ ಬಾರ್ ಎಂಬ ಎರಡು ಉದ್ದನೆಯ ಸರಳುಗಳಿವೆ. ಒದ್ದೆ ಪಂಚೆಯ ಒಂದು ತುದಿಯನ್ನು ಒಬ್ಬರು ಬಿಗಿಹಿಡಿದು, ಮತ್ತೊಂದನ್ನು ಇನ್ನೊಬ್ಬರು ತಿರುಚಿ ಬಿಟ್ಟರೆ ಅದು ಮತ್ತೆ ಬಿಚ್ಚಿಕೊಳ್ಳಲೆಳಸುವುದಷ್ಟೆ? ಈ ಸರಳಿನ ಗುಣವೂ ಅಂಥದೇ. ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ತುದಿ ಗಾಡಿಯ ಚೌಕಟ್ಟಿಗೆ ಸೇರಿರುತ್ತದೆ. ಚಕ್ರವು ಗುಂಡಿಗಿಳಿದು ಏಳುವಾಗ ಸರಳು ತಿರುಚಿಕೊಂಡು, ಮತ್ತೆ ನೆಟ್ಟಗಾಗುತ್ತದೆ. 1948ರಲ್ಲಿ ಬಂದ ಮಾರಿಸ್ ಮೈನರ್ ಕಾರಿಗೂ ಅದರ ಶಿಲ್ಪಿ ಅಲೆಕ್ ಇಸಿಗೋನಿಸ್ ಇದೇ ಏರ್ಪಾಡನ್ನು ಅಳವಡಿಸಿದ್ದನು.

ಸರಳು ಕುಳಿತ ಕೋನವನ್ನು ಬದಲಿಸಿದರೆ ಮೂತಿ ತಗ್ಗುತ್ತದೆ. ಇದರಿಂದ ಸರಳಿನ ಬಿರುಸು ಹೆಚ್ಚುವುದಿಲ್ಲ; ಆದರೆ ಚಕ್ರ ಮೇಲೇಳಲು ಇದ್ದ ಅವಕಾಶ ಕುಗ್ಗಿ, ಸಣ್ಣ ಗುಂಡಿಗೂ ಅದು ರಬ್ಬರ್ ತಡೆಗೆ ಹೋಗಿ ಬಡಿಯುತ್ತದೆ. ಪ್ರೀಮಿಯರ್ ಪದ್ಮಿನಿಯಂಥ ಗಾಡಿಗಳ ಸುರುಳಿ ಸ್ಪ್ರಿಂಗನ್ನು ಕತ್ತರಿಸುವವರೂ ಉಂಟು. ಎಂಟು ಸುತ್ತುಗಳಲ್ಲಿ ಎರಡನ್ನು ಕತ್ತರಿಸಿದರೆ ಉಳಿದ ಆರು ಸುತ್ತುಗಳ ಬಿರುಸು ಮೂರನೆಯ ಒಂದು ಪಾಲಿನಷ್ಟು ಏರುತ್ತದೆ. ಗ್ಯಾಸಿನ ಉರಿಯಿಂದ ಕತ್ತರಿಸಿದರಂತೂ ಉಕ್ಕಿನ ಹದವೇ ಕೆಡುತ್ತದೆ.

ಸಮತಟ್ಟಾದ ಪಂದ್ಯದ ಹಾದಿಯಲ್ಲಿ ತಗ್ಗಿದ ಗಾಡಿಯು ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂಬುದು ನಿಜವೇ. ಆದರೆ ನಾವು ಓಡಾಡುವುದು ಎರೆಭೂಮಿಯ ನಡುವೆ, ಬಂಡಿಯ ಗಾಲಿಗಳು ಕೊರೆದ ಜಾಡುಗಳ ಮೇಲೆ. ಜಾಡುಗಳ ನಡುವಣ ದಿಬ್ಬದ ಕಲ್ಲು ಎಂಜಿನ್ನಿನ ಎಣ್ಣೆ ತೊಟ್ಟಿಗೆ ತಾಗಿ ಅದು ಒಡೆದರೆ, ಎಣ್ಣೆಯೆಲ್ಲ ಸೋರಿ ಎಂಜಿನ್ನೇ ಹಿಡಿದುಕೊಂಡೀತು. ಚಕ್ರಗಳ ಕೋನ ಬದಲಾಗಿ ಟಯರಿನ ಒಂದು ಅಂಚು ಬೇಗ ಸವೆಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ರಾತ್ರಿಯದು. ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು. ಅಂಬಾಸಿಡರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2464 ಮಿಲಿಮೀಟರ್. ಮುಂಭಾಗವನ್ನಷ್ಟೇ 50 ಮಿಲಿಮೀಟರ್ ಇಳಿಸಿದರೆ, 30 ಮೀಟರ್ ದೂರದಲ್ಲಿ ದೀಪದ ಬೆಳಕು ಮೊದಲಿಗಿಂತ ಸುಮಾರು ಎರಡು ಅಡಿ ಕೆಳಗೆ ಬೀಳುತ್ತದೆ. ಎಂದರೆ, ಹಾದಿಯ ಮೇಲೆ ಬೆಳಕು ಹತ್ತಿರದಲ್ಲಿಯೇ ಮುಗಿದುಹೋಗುತ್ತದೆ. ಹತ್ತಿಯ ಹೇರು ಹೊತ್ತು ದೀಪವಿಲ್ಲದೆ ಹೋಗುವ ಎತ್ತಿನ ಬಂಡಿಯೊಂದು ಮುಂದಿದ್ದರೆ ಗತಿಯೇನು?

ಕಾನೂನನ್ನೂ ಮರೆಯಬಾರದು. ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2021ರ ಜುಲೈಯಲ್ಲಿ ಬಂದ ನಿಯಮಗಳ ಮೇರೆಗೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು 20,000 ರೂಪಾಯಿ ಶುಲ್ಕ ತೆತ್ತು ‘ವಿಂಟೇಜ್’ ಎಂದು 10 ವರ್ಷಗಳ ಅವಧಿಗೆ ನೋಂದಾಯಿಸಬಹುದು. ಆದರೆ ಗಾಡಿಯು ಮೂಲ ಸ್ವರೂಪದಲ್ಲಿಯೇ ಇರತಕ್ಕದ್ದು. ಇಂದಿನ ಶೋಕಿ ನಾಳಿನ ಗೌರವಕ್ಕೆ ಅಡ್ಡಿಯಾದೀತು.

ಹಾಗಾದರೆ ಮಾಡಬೇಕಾದುದೇನು? ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಟಯರುಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ಎಡಬಲಗಳ ಎತ್ತರವನ್ನು ಅಳೆಯಿರಿ. ಹಲವು ವರ್ಷ ದುಡಿದ ಸರಳುಗಳು ದಣಿದು, ಮೂತಿ ತಾನಾಗಿಯೇ ಕುಸಿದಿರುವ ಸಂಭವವೇ ಹೆಚ್ಚು. ಹಾಗಿದ್ದರೆ ಅನುಭವಿ ಮೇಸ್ತ್ರಿಯ ಕೈಯಿಂದ ಅದನ್ನು ತಯಾರಕರ ಪುಸ್ತಕದ ಅಳತೆಗೆ ತರಿಸಿರಿ. ಎಡದ ಸರಳನ್ನು ಬಲಕ್ಕೆ ಹಾಕದಂತೆ ಎಚ್ಚರ ವಹಿಸಿರಿ. ಬಳಿಕ ಚಕ್ರಗಳ ಅಲೈನ್‌ಮೆಂಟನ್ನೂ ದೀಪಗಳ ದಿಕ್ಕನ್ನೂ ಸರಿಪಡಿಸಿರಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಧರ್ಮಸ್ಥಳದ ಯಾತ್ರೆಗೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ. ಹಳೆಯ ಗಾಡಿಗೆ ಅದರದೇ ನಿಲುವು ಎಷ್ಟು ಶೋಭಿಸುವುದೆಂದು ಅವರೇ ನೋಡಿ ತಿಳಿಯಲಿ.